ಗೋವಿಂದರಾಜನಗರದ ನರಮಂಡಲ

ಯಾರನ್ನೂ ಕೇಳದೆ ಒದೀತಾನೆ, ಒದ್ದಾದ ಮೇಲೆ ಯಜಮಾನನಿಗೆ ಸುದ್ದಿ ಮುಟ್ಟಿಸ್ತಾನೆ. ಯಾರು ಹೇಳಿ? ನಿಮಗೆ ಹೊಳೆಯೋದಿಲ್ಲ ಬಿಡಿ. ನಮ್ಮ ಮನೆ ಓನರ್ ಅಂಕಲ್ಲಿನ ಬಲಗಾಲು.

ನಾನು ಹತ್ತನೇ ಕ್ಲಾಸಿನ ಸೈನ್ಸಲ್ಲಿ ಡುಮ್ಕಿ ಹೊಡೆದವನು. "ಮರುಪರೀಕ್ಷೆಲೂ ಹೋಯ್ತೋ, ಚಿಕ್ಕಪ್ಪನ ಪ್ಲೈವುಡ್ ಅಂಗಡೀಲಿ ಹಲಗೆ ಹೊರು. ಪಾಸಾದ್ರೆ ನಿನ್ನಿಷ್ಟದ ಐಟಿಐ," ಅಂತ ಅಪ್ಪ ಹೇಳಿಬಿಟ್ಟಿದ್ದರು. ನರಮಂಡಲದಿಂದ ಪ್ರಶ್ನೆ ಗ್ಯಾರಂಟಿ ಅಂದರು ಟ್ಯೂಷನ್ ಮಿಸ್. ನನಗೋ ಓದಿದ್ದನ್ನ ಜನರ ಮೇಲೆ ಪ್ರಯೋಗ ಮಾಡದಿದ್ದರೆ ತಲೆಗೆ ಹತ್ತಲ್ಲ. ಹೀಗಾಗಿ ನಮ್ಮ ಬೀದೀಲಿ ಇಂಥವು ಆಗ್ತಾನೇ ಇರ್ತವೆ.

ಓನರ್ ಕಾಲು

ಅಂಕಲ್ ಕಟ್ಟೆ ಮೇಲೆ ಕೂತಿದ್ದರು. "ಕಾಲ್ಮೇಲೆ ಕಾಲು ಹಾಕಿ ಅಂಕಲ್, ಸೈನ್ಸು," ಅಂದೆ. ಹಾಕಿದರು. ಲಟ್ಟಣಿಗೆಯಿಂದ ಮಂಡಿಚಿಪ್ಪಿನ ಕೆಳಗೆ ಮೆಲ್ಲಗೆ ಒಂದು ತಟ್ಟಿದೆ. ಅದೇ ಹೊತ್ತಿಗೆ ಆಂಟಿ ಕಾಫಿ ತಂದು ಬಗ್ಗಿದ್ದರು. ಲೋಟ ಹೋಗಿ ಕಾಂಪೌಂಡ್ ಆಚೆ ಬಿತ್ತು.

"ಏನ್ರೀ, ಕಾಫಿ ಕೊಟ್ರೆ ಒದೀತೀರಾ?"

"ನಾನಲ್ಲ ಕಣೇ, ಕಾಲು."

ನಾನು ಬಿಡಿಸಿ ಹೇಳಿದೆ: "ಆಂಟಿ, ಇಂಥ ಅರ್ಜೆಂಟ್ ಕೆಲಸಕ್ಕೆ ಬೆನ್ನೊಳಗಿನ ಮೆದುಳುಬಳ್ಳೀನೇ ಆರ್ಡರ್ ಕೊಟ್ಟುಬಿಡುತ್ತೆ. ಅಂಕಲ್ ಮೆದುಳಿಗೆ ಏನೂ ಗೊತ್ತಿರಲ್ಲ."

"ಅದು ನನಗೆ ಮದುವೆಯಾದಾಗಿಂದ ಗೊತ್ತು ಕಣಪ್ಪ."

ಮಿಸ್ ಉಪವಾಸ

ಅವತ್ತು ಸಂಕಷ್ಟಿ. ಚಂದ್ರ ಕಾಣೋವರೆಗೂ ಮಿಸ್ ಏನೂ ತಿನ್ನಲ್ಲ. ನಾನು ಬೇಕಂತಲೇ ಮಸಾಲೆಪುರಿ ಪಾರ್ಸೆಲ್ ಬಿಚ್ಚಿಕೊಂಡು ಕೂತೆ.

"ಬಾಯಲ್ಲಿ ನೀರೂರೋದು ಹಿಮ್ಮೆದುಳಿನ ಮೆಡುಲ್ಲಾ ಕೆಲಸ," ಅಂದು ಮಿಸ್ ಉಗುಳು ನುಂಗಿದರು. "ಅದು ನಮ್ಮನ್ನ ಕೇಳಿ," ಮತ್ತೆ ನುಂಗಿದರು, "ನಡೆಯಲ್ಲ."

"ನಿಮ್ದು ಚೆನ್ನಾಗಿ ಕೆಲಸ ಮಾಡ್ತಾ ಇದೆ ಮಿಸ್."

"ಸುಮ್ನೆ ಬರ್ಕೊಳೋ. ಇಲ್ಲ, ಮೊದ್ಲು ಟೆರೇಸಿಗೆ ಹೋಗಿ ಚಂದ್ರ ಬಂದ್ನಾ ನೋಡು."

"ಮಿಸ್, ಇನ್ನೂ ಬಿಸಿಲಿದೆ."

"ಇರ್ಲಿ, ನೋಡ್ಕೊಂಡು ಬಾ."

ಕಂಬಿ ಹಿಡಿಯದವನು

ಮೈ ವಾಲದಂತೆ ಬ್ಯಾಲೆನ್ಸ್ ಮಾಡೋದು ಅನುಮಸ್ತಿಷ್ಕ. ಅದೂ ಹಿಂದಲೆಯಲ್ಲೇ ಇರುತ್ತೆ. ಉಲ್ಲಾಳದ ಬಸ್ಸಲ್ಲಿ ಇದನ್ನ ಟೆಸ್ಟ್ ಮಾಡೋಣ ಅಂತ ಕೈಕಟ್ಟಿ ನಿಂತೆ. "ಕಂಬಿ ಹಿಡ್ಕೊಳಯ್ಯಾ," ಅಂದರು ಕಂಡಕ್ಟರ್.

"ಬೇಡ ಸಾರ್. ನನ್ನ ಅನುಮಸ್ತಿಷ್ಕ ನೋಡ್ಕೊಳುತ್ತೆ."

ಮುಂದೆ ಆಟೋದವನೊಬ್ಬ ಅಡ್ಡ ನುಗ್ಗಿದ. ಡ್ರೈವರ್ ಬ್ರೇಕ್ ಒತ್ತಿದರು. ನಾನು ಸೀದಾ ಹೋಗಿ ಕಂಡಕ್ಟರ್ ತೊಡೆ ಮೇಲೆ ಕೂತೆ. ಅವರು ಸಿಟ್ಟಾಗಲಿಲ್ಲ. ಟಿಕೆಟ್ ಹರಿಯೋಕೆ ಕೈ ಹಾಕಿ ಕೇಳಿದರು:

"ನಿನ್ನ ಅನುಮಸ್ತಿಷ್ಕ ಎಲ್ಲಿ ಇಳೀಬೇಕಂತೆ?"

ಪರೀಕ್ಷೆ

ಬಂತು ನೋಡಿ ಪ್ರಶ್ನೆ: ನರಕೋಶದಿಂದ ನರಕೋಶಕ್ಕೆ ಸಂದೇಶ ಹೇಗೆ ಸಾಗುತ್ತದೆ? ಚಿತ್ರ ಸಹಿತ ವಿವರಿಸಿ. ಭಾಗಗಳ ಹೆಸರೆಲ್ಲ ತಲೆಯಿಂದ ಮಾಯ. ಸಂದೇಶ ಒಂದೇ ದಿಕ್ಕಿಗೆ ಹೋಗುತ್ತೆ, ಮಧ್ಯೆ ಒಂದು ಸಂದಿ ಇರುತ್ತೆ, ಅದನ್ನ ಯಾವುದೋ ರಾಸಾಯನಿಕ ದಾಟಿಸುತ್ತೆ, ಅಷ್ಟು ಮಾತ್ರ ನೆನಪಿತ್ತು. ಚಿಕ್ಕಪ್ಪನ ಹಲಗೆಗಳು ಕಣ್ಮುಂದೆ ಬಂದವು. ಗಟ್ಟಿ ಮನಸ್ಸು ಮಾಡಿ ಮಾಗಡಿ ರೋಡನ್ನೇ ಬರೆದೆ. ಒನ್ ವೇ ಬೋರ್ಡು ಹಾಕಿದೆ. ಸಂದಿ ಇರೋ ಜಾಗಕ್ಕೆ ದೊಡ್ಡದೊಂದು ಗುಂಡಿ. ಕೆಳಗೆ ಬರೆದೆ: "ಸಂದೇಶವು ಇಲ್ಲಿ ಗಾಡಿಯಿಂದ ಇಳಿದು, ರಾಸಾಯನಿಕದ ರೂಪದಲ್ಲಿ ಗುಂಡಿಯನ್ನು ದಾಟಿ, ಆಚೆ ಮತ್ತೆ ಗಾಡಿ ಹತ್ತುತ್ತದೆ. ಆದರೆ ನರಮಂಡಲದಲ್ಲಿ ಒನ್ ವೇಗೆ ಯಾರೂ ಎದುರಿನಿಂದ ನುಗ್ಗುವುದಿಲ್ಲ."

ಪಾಸಾದೆ, ಬಾರ್ಡರಲ್ಲಿ. "ನನ್ನ ಹಲಗೆ ಇನ್ಯಾರು ಹೊರ್ತಾರೋ," ಅಂತ ಚಿಕ್ಕಪ್ಪ ಫೋನಲ್ಲಿ ಗೊಣಗಿದರು. ಪೇಪರ್ ತಿದ್ದಿದ ಮೇಷ್ಟ್ರು ಆ ಚಿತ್ರದ ಪಕ್ಕ ಕೆಂಪು ಇಂಕಲ್ಲಿ ಬರೆದಿದ್ದರು: "ಉತ್ತರ ಸರಿ. ಗುಂಡಿ ಇನ್ನೂ ಮುಚ್ಚಿಲ್ಲ. ನಾನೂ ಅದೇ ರೋಡಲ್ಲಿ ಓಡಾಡೋದು."

ಪಾಸಾಗಿದ್ದು ನಿಜ, ಐಟಿಐ ಸೇರಿದ್ದೂ ನಿಜ. ಕೆಂಪು ಇಂಕು ಮಾತ್ರ ನಾನು ಸೇರಿಸಿದ್ದು. ತಿದ್ದಿದ ಪೇಪರನ್ನ ನನಗೆ ಯಾರು ತೋರಿಸ್ತಾರೆ ಹೇಳಿ.