ನಶ್ಯದ ಡಬ್ಬಿ

ಹನ್ನೊಂದು ದಿನ ಮನೆ ತುಂಬಿದ್ದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ನಾಗಲಿಂಗಮ್ಮ ಬೆಳಿಗ್ಗೆ ಎದ್ದು ರೂಢಿಯಂತೆ ಎರಡು ಲೋಟ ಚಹಾ ಮಾಡಿದಳು. ಒಂದನ್ನು ಕುಡಿದಳು. ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೂ ಕುಡಿದಳು. ಆಮೇಲೆ ಕಾರಿನ ಕೀಲಿಕೈ ಹಿಡಿದು ಅಂಗಳಕ್ಕೆ ಬಂದಳು.

ತೊಂದರೆ ಶುರುವಾದದ್ದು ಗಂಡನ ಅಣ್ಣ ಗಾದಿಲಿಂಗಪ್ಪನ ಬಾಯಿಂದ. ಬಸ್ಸು ಹತ್ತುವ ಮೊದಲು ಅವನು ಹೇಳಿದ್ದ: “ನೋಡವ್ವ, ನಿಂತ ಕಾರು ಅಂದ್ರ ಇಲಿಗಳ ಛತ್ರ. ನಾಳಿ ಸಂಜಿ ಟ್ರ್ಯಾಕ್ಟರ್ ತರ್ತೀನಿ. ಅಷ್ಟರಾಗ ನೀನು ಓಡ್ಸಿ ತೋರ್ಸಿದ್ರ ಅದು ನಿಂದು. ಇಲ್ಲಂದ್ರ ಹಗ್ಗ ಕಟ್ಟಿ ಹಗರಿಬೊಮ್ಮನಹಳ್ಳಿಗೆ ಎಳ್ಕೊಂಡು ಹೋಗ್ತೀನಿ. ನಮ್ಮ ಕೋಳಿಗಾದ್ರೂ ಗೂಡಾದೀತು.”

ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಅವನಿಗೆ ನಿಂತದ್ದು ಯಾವುದನ್ನೂ ಕಂಡರೆ ಆಗುತ್ತಿರಲಿಲ್ಲ, ಅಷ್ಟೆ.

ಅದು ಬಳ್ಳಾರಿಯ ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಬಿಟ್ಟಿದ್ದ ಸಣ್ಣ ಕಾರು. ಅವಳ ಗಂಡ, ಶೇಂಗಾ ವ್ಯಾಪಾರದ ಪಾಲಾಕ್ಷಪ್ಪ ಅದನ್ನು ಕೂಡ್ಲಿಗಿಗೆ ತಂದ ದಿನ ಓಣಿಯವರೆಲ್ಲ ಒಂದೊಂದು ಸುತ್ತು ಕೂತು ಬಂದಿದ್ದರು. ಅವನು ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ನೆಂಟರು ಮನೆಯನ್ನು ತೊಳೆದರು, ಸುಣ್ಣ ಬಳಿದರು, ಅವನ ಹಾಸಿಗೆ ಒಯ್ದರು. ಕಾರಿನ ಸೀಟು ಮಾತ್ರ ಅವನ ಉದ್ದ ಕಾಲಿಗೆ ಹೊಂದುವಂತೆ ಹಿಂದಕ್ಕೆ ಸರಿದದ್ದು ಹಾಗೇ ಇತ್ತು. ಅವನಿದ್ದಂತೆಯೇ ಉಳಿದಿದ್ದ ಜಾಗ ಅದೊಂದೇ. ಅದು ಕೋಳಿ ಗೂಡಾಗುವುದನ್ನು ನಾಗಲಿಂಗಮ್ಮ ಒಪ್ಪಲಾರಳು.

ಅವಳು ಸೀಟಿನ ತುದಿಯಲ್ಲಿ ಕೂತು, ಕೀಲಿ ತಿರುವಿದಳು. ಸೆಲ್ಫು ಕುರ್ರ್ ಕುರ್ರ್ ಎಂದಿತು. ಎಂಜಿನ್ನು ಮಾತ್ರ ಉಸಿರೆತ್ತಲಿಲ್ಲ. ಮತ್ತೆ ತಿರುವಿದಳು. ಗಂಟಲಲ್ಲಿ ಕಫ ಸಿಕ್ಕಿಕೊಂಡ ಮುದುಕನಂತೆ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

ಆ ಸದ್ದಿಗೆ ಓಣಿ ಎದ್ದು ಬಂತು.

ಮೊದಲು ಬಂದವಳು ಪಕ್ಕದ ಮನೆಯ ಭರಮಮ್ಮ. ಸಗಣಿಗೈಯಲ್ಲೇ ಬಂದು ಗದ್ದ ಹಿಡಿದುಕೊಂಡಳು. “ಯವ್ವಾ, ಗಂಡ ಹೋಗಿ ಹನ್ನೆರಡು ದಿನ ಆಗಿಲ್ಲ, ಕಾರ್ ಹತ್ತಿ ಕುಂತೀಯಲ್ಲ! ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂತ ಮಂದಿ ಮೊದಲೇ ಆಡ್ಕೊಳಾಕ ಹತ್ತ್ಯಾರ.”

“ಅಳೋದು ಇದ್ದೇ ಐತಿ ಭರಮಮ್ಮ. ಕಾರು ಸಂಜಿಗೆ ಹೊಕ್ಕತಿ,” ಎಂದಳು ನಾಗಲಿಂಗಮ್ಮ.

“ಹಂಗಾರ ಕೇಳು, ಇದು ದೃಷ್ಟಿ. ಗಾಲಿಗೊಂದು ನಿಂಬಿಹಣ್ಣು ಇಡು. ನಮ್ಮ ಎಮ್ಮಿಗೂ ಹಿಂಗ ಆಗಿತ್ತು. ಮುಟ್ಟಿದ್ರ ಒದೀತಿತ್ತು. ಅಯ್ಯನೋರು ಒಂದು ತಾಯ್ತ ಕೊಟ್ರು ನೋಡು, ಈಗ ಕೂಸಿನಂಗ ನಿಂತು ಹಾಲು ಕೊಡ್ತೈತಿ.”

ಎರಡನೆಯವನು ಲಾರಿ ಡ್ರೈವರ್ ಸುಂಕಪ್ಪ. ಬನಿಯನ್ನಿನ ಮೇಲೆ ಟವಲ್ಲು ಹಾಕಿಕೊಂಡು ಬಂದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಅಕ್ಕೋರ, ಬ್ಯಾಟ್ರಿ ಇಳದೈತಿ. ತಳ್ಳಿದ್ರ ತಾನಾ ಹೊಕ್ಕತಿ,” ಎಂದ.

ಮೂರನೆಯವರು ಎದುರು ಮನೆಯ ಪಂಚಾಕ್ಷರಪ್ಪ ಮೇಷ್ಟ್ರು. ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಊರಲ್ಲಿ ಇದೇ ಜಾತಿಯ ಕಾರಿದ್ದದ್ದು ಅವರೊಬ್ಬರಿಗೇ; ಅದು ತಿಂಗಳಿಂದ ಗೋಣಿತಟ್ಟು ಹೊದ್ದು ಮಲಗಿತ್ತು. ಮೇಷ್ಟ್ರಿಗೆ ತಮ್ಮ ಸಾಮಾನಿನ ಮೇಲೆಲ್ಲ ಕೆಂಪು ಬಣ್ಣದಲ್ಲಿ ‘ಪಂ’ ಎಂದು ಬರೆಯುವ ಚಟ. ಕೊಡೆಯ ಹಿಡಿಕೆ, ಕೊಡದ ಕಂಠ, ಕುರ್ಚಿಯ ಬೆನ್ನು, ಯಾವುದನ್ನೂ ಬಿಟ್ಟಿರಲಿಲ್ಲ. ಗಾಳೆಮ್ಮನವರ ಬೆನ್ನ ಮೇಲೂ ಬರೆದಿರಬೇಕು ಎಂದು ಪಾಲಾಕ್ಷಪ್ಪ ನಗುತ್ತಿದ್ದ. ಗಾಳೆಮ್ಮ ಮೇಷ್ಟ್ರ ಹೆಂಡತಿ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನಾಗಲಿಂಗಮ್ಮ, ಒಂದು ಮಾತು…”

“ಹೇಳ್ರಿ ಮೇಷ್ಟ್ರೇ. ನಿಮ್ಮ ಪ್ರಕಾರ ಏನಾಗೈತಿ?”

“ಏನಿಲ್ಲವ್ವ. ಆಮ್ಯಾಲ ಹೇಳಿದ್ರಾತು,” ಎಂದು ಹಿಂದೆ ಸರಿದರು. ಅವರು ಈ ಹನ್ನೊಂದು ದಿನವೂ ಹೀಗೇ ಬಂದು, ಗಂಟಲು ಸರಿಮಾಡಿಕೊಂಡು, ಹೋಗುತ್ತಿದ್ದರು.

ಹತ್ತು ಜನ ಸೇರಿ ಕಾರನ್ನು ತಳ್ಳಿದರು. ಓಣಿ ಇಳಿಜಾರು, ಕಾರು ಮದುವೆಗೆ ಹೊರಟ ಬೀಗರಂತೆ ಉತ್ಸಾಹದಿಂದ ಇಳಿದು, ಕೆಳಗಿನ ಹನುಮಪ್ಪನ ಗುಡಿಯ ಮುಂದೆ ಭಕ್ತಿಯಿಂದ ನಿಂತಿತು. ಎಂಜಿನ್ನು ಮಾತಾಡಲಿಲ್ಲ. ಇಳಿಸುವಾಗ ಇದ್ದ ಹತ್ತು ಜನ ಏರಿಸುವಾಗ ನಾಲ್ವರಾದರು. ಮೇಷ್ಟ್ರು ಮಾತ್ರ ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಕೊನೆಯತನಕ ತಳ್ಳಿದರು.

“ಬ್ಯಾಟ್ರಿ ಅಲ್ಲ, ಪ್ಲಗ್ ತಂಪಾಗ್ಯಾವ,” ಎಂದು ಸುಂಕಪ್ಪ ತೀರ್ಪು ಬದಲಿಸಿದ. ನಾಲ್ಕು ಪ್ಲಗ್ಗು ಬಿಚ್ಚಿ, “ಅಕ್ಕೋರ, ಒಲಿ ಹಚ್ಚಿ ಹಂಚಿಡ್ರಿ. ಬಿಸಿ ಮಾಡಿ ಹಾಕಿದ್ರ ಕುದರಿ ಆಕ್ಕತಿ,” ಎಂದ.

ನಾಗಲಿಂಗಮ್ಮ ರೊಟ್ಟಿಯ ಹಂಚಿನ ಮೇಲೆ ನಾಲ್ಕು ಪ್ಲಗ್ಗುಗಳನ್ನು ಸಾಲಾಗಿ ಇಟ್ಟಳು. ಭರಮಮ್ಮ ಬಾಗಿಲಲ್ಲಿ ನಿಂತು, “ಅಯ್ಯೋ ಶಿವನೇ, ಸೂತಕ ಕಳದ ಒಲಿ ಮ್ಯಾಲ ಮೊದಲ ಅಡಿಗಿ ಇದಾ?” ಎಂದಳು. ಧಾರವಾಡದಲ್ಲಿ ಎಂ.ಎ. ಮಾಡಿದ ನಾಗಲಿಂಗಮ್ಮ, ಅವು ಎರಡೂ ಕಡೆ ಸಮನಾಗಿ ಬೇಯಲೆಂದು ಇಕ್ಕಳದಿಂದ ಮಗುಚಿದಳು.

ಬೆಂದ ಪ್ಲಗ್ಗಿಗೂ ಕಾರು ಹಸಿಯಲಿಲ್ಲ.

ಮಧ್ಯಾಹ್ನ ಪಂಪ್‌ಸೆಟ್ ರಿಪೇರಿಯ ಪಾಲಯ್ಯ ಬಂದ. ಅವನು ಯಾರ ಮಾತೂ ಕೇಳಲಿಲ್ಲ. ಬಾನೆಟ್ಟು ಎತ್ತಿ, ಡೆಲ್ಕೋ ಎಂಬ ದುಂಡನೆಯ ಕರಿ ಮುಚ್ಚಳ ತೆಗೆದು ಒಳಗೆ ಇಣುಕಿದ. ಆಮೇಲೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

“ಏನು ಮಂದಿ ಇದ್ದೀರಪ್ಪ! ಹೆಣಕ್ಕ ಔಷಧ ಹಾಕಾಕ ಹತ್ತೀರಿ. ಒಳಗ ರೋಟರೇ ಇಲ್ಲ.”

“ಅದ್ಯಾವ ಹಣ್ಣೋ?” ಎಂದಳು ಭರಮಮ್ಮ.

“ಕರ್ರಗ, ಹೆಬ್ಬಟ್ಟಿನಷ್ಟು ಇರ್ತೈತಿ. ತಲಿ ಮ್ಯಾಲ ಹಿತ್ತಾಳಿ ಪಟ್ಟಿ. ಅದಿಲ್ಲಂದ್ರ ಪ್ಲಗ್ಗಿಗೆ ಕಿಡಿ ಇಲ್ಲ. ಕಾರು ಕಳುವಾಗಬಾರ್ದು ಅಂತ ಕೆಲವರು ರಾತ್ರಿ ಅದನ್ನ ತಗದು ಇಟ್ಕಂತಾರ. ಹೊಸಾದು ಬೇಕಂದ್ರ ಹುಬ್ಬಳ್ಳಿಗೆ ಬರೀಬೇಕು. ಈ ಮಾಡಲ್ಲಿಂದು ಸಿಕ್ಕರ ಎರಡು ತಿಂಗಳು.”

ನಾಗಲಿಂಗಮ್ಮ ಗಡಿಯಾರ ನೋಡಿದಳು. ಎರಡು ಗಂಟೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಪಾಲಾಕ್ಷಪ್ಪ ಅದನ್ನ ನಶ್ಯದ ಡಬ್ಬ್ಯಾಗ ಇಡ್ತಿದ್ದ. ನಶ್ಯದ ಡಬ್ಬಿಗೆ ಯಾವ ಕಳ್ಳನೂ ಕೈ ಹಾಕಲ್ಲ ಅಂತಿದ್ದ.”

ಹೆಂಡತಿಯಾದ ತನಗೇ ತಿಳಿಯದ್ದು ಮೇಷ್ಟ್ರಿಗೆ ಹೇಗೆ ತಿಳಿಯಿತೆಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಮೂರನೆಯ ದಿನ ಗದ್ದುಗೆಗೆ ಹಾಲೆರೆದು ಬಂದಮೇಲೆ, ಅವನ ಕೊಡೆ, ಚಪ್ಪಲಿ, ನಶ್ಯದ ಡಬ್ಬಿಗಳನ್ನು ಅಯ್ಯನವರಿಗೆ ದಾನ ಕೊಟ್ಟಿದ್ದರು.

ಅಯ್ಯನವರು ಮಠದ ಕಟ್ಟೆಯ ಮೇಲೆ ಪಾಲಾಕ್ಷಪ್ಪನ ಚಪ್ಪಲಿಯನ್ನೇ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದರು. ಅವಳು ಬಂದ ಕಾರಣ ಕೇಳಿ ಎದ್ದು ಕೂತರು.

“ಡಬ್ಬಿ ತಗೊಳವ್ವ, ನಶ್ಯ ನನಗ ಒಗ್ಗವಲ್ದು. ಆದ್ರ ಒಳಗಿನ ವಸ್ತು ಇಲ್ಲ. ಕರ್ರಗ ಮಿಂಚ್ತಿತ್ತು, ತಲಿ ಮ್ಯಾಲ ಹಿತ್ತಾಳಿ. ಪಾಲಾಕ್ಷಪ್ಪ ಯಾರ ಕಡಿಂದರ ಮಂತ್ರಿಸಿ ತಂದಿರ್ಬೇಕು, ಒಗದ್ರ ಪಾಪ ಅಂತ ಒಬ್ಬಾಕಿಗೆ ತಾಯ್ತಕ್ಕ ಕೊಟ್ಟೆ. ಅವರ ಎಮ್ಮಿ ಭಾಳ ಒದೀತಿತ್ತಂತ.”

ನಾಗಲಿಂಗಮ್ಮ ಮುಂದಿನ ಮಾತಿಗೆ ಕಾಯಲಿಲ್ಲ.

ಬೆಳಗಿನಿಂದ ಕಾರಿಗೂ ಎಮ್ಮೆಗೂ ನಡುವೆ ಇದ್ದದ್ದು ಒಂದು ಮೊಣಕಾಲೆತ್ತರದ ಗೋಡೆ. ಗೋಡೆಯಾಚೆ ಎಮ್ಮೆ ಮೆಲುಕು ಹಾಕುತ್ತ, ಓಣಿಯ ಪರದಾಟವನ್ನೆಲ್ಲ ನೋಡುತ್ತ ನಿಂತಿತ್ತು. ಅದರ ಕೊರಳಲ್ಲಿ ಕರಿದಾರ. ದಾರದಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡು ಕಾರಿನ ಜೀವ ತೂಗುತ್ತಿತ್ತು.

“ಮುಟ್ಟಿದ್ರ ನೋಡ್ರಿ!” ಭರಮಮ್ಮ ಎಮ್ಮೆಗೆ ಅಡ್ಡ ನಿಂತಳು. “ಎಂಟು ದಿನ ಆತು, ಒಮ್ಮೆ ಕಾಲು ಎತ್ತಿಲ್ಲ. ನಿಮ್ಮ ಕಾರು ಏನು ಹಾಲು ಕೊಡ್ತೈತೇನು?”

“ಭರಮಮ್ಮ, ಅದು ನಮ್ಮನಿಯವರ ವಸ್ತು,” ಎಂದಳು ನಾಗಲಿಂಗಮ್ಮ.

“ದಾನ ಕೊಟ್ಟಿದ್ದು ತಿರುಗಿ ಕೇಳಬಾರ್ದವ್ವ. ಓದಿದಾಕಿ, ನಿನಗ ಗೊತ್ತಿಲ್ಲೇನು?”

 ಉತ್ತರ ಹೊಳೆದದ್ದು ಪಾಲಯ್ಯನಿಗೆ. ಅವನು ಜೇಬಿನಿಂದ ಹಳೆಯದೊಂದು ಪ್ಲಗ್ಗು ತೆಗೆದು ಕಣ್ಣಿಗೊತ್ತಿಕೊಂಡ. “ಯಮ್ಮ, ಅದು ಸಣ್ಣ ಕಾರಿಂದು. ಇದು ಲಾರಿದು. ಹತ್ತು ಟನ್ ಎಳೀತಿತ್ತು. ಇದನ್ನ ಕಟ್ಟಿದ್ರ ಎಮ್ಮಿ ಅಲ್ಲ, ಅದರ ಕರುನೂ ಒದಿಯಂಗಿಲ್ಲ.”

ಭರಮಮ್ಮ ಪ್ಲಗ್ಗನ್ನು ಕೈಯಲ್ಲಿ ತೂಗಿ ನೋಡಿದಳು. ಭಾರವಾಗಿತ್ತು. ಒಪ್ಪಿದಳು. ದಾರ ಬಿಚ್ಚುವ ಪಾಲಯ್ಯನಿಗೆ ಎಮ್ಮೆ ಒಮ್ಮೆ ಒದೆಯಿತು. “ನೋಡಿದೇನು, ಬಿಚ್ಚಿದ ಕೂಡ್ಲೇ!” ಎಂದು ಭರಮಮ್ಮ ಕೂಗಿದಳು.

ಪಾಲಯ್ಯ ಮೊಣಕಾಲು ತಿಕ್ಕಿಕೊಳ್ಳುತ್ತ ರೋಟರಿನ ಹಿತ್ತಾಳೆ ತುದಿಯನ್ನಷ್ಟೇ ಉಜ್ಜಿ, ಕುಂಕುಮ ಸಮೇತ ಡೆಲ್ಕೋದೊಳಗೆ ಕೂರಿಸಿದ. ತೆಗೆಯುವುದು, ಹಾಕುವುದು ಹೇಗೆಂದು ಅವಳಿಗೆ ತೋರಿಸಿಕೊಟ್ಟ. ಕೀಲಿ ತಿರುವಿದ್ದೇ ತಡ, ಕಾರು ಒಂದೇ ಕೂಗಿಗೆ ಎದ್ದಿತು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

ಸೀಟಿನ ತುದಿಯಲ್ಲಿ ಕೂತು ಓಡಿಸಲಾಗುವುದಿಲ್ಲ.  ನಾಗಲಿಂಗಮ್ಮ ಕೈ ಕೆಳಗೆ ಹಾಕಿ, ಸೀಟನ್ನು ಮುಂದಕ್ಕೆ ಎಳೆದಳು. ಅದು ಕಿರ್ ಎಂದು ಸರಿಯಿತು. ಅವನ ಜಾಗ ಅಳಿಸಿಹೋಯಿತು.

ಅವಳಿಗೆ ಬರುತ್ತಿದ್ದದ್ದು ಎರಡೇ ಗೇರು. ಪಾಲಾಕ್ಷಪ್ಪ ದಿನಾ ಬೆಳಿಗ್ಗೆ, “ಏ ನಾಗಿ, ಬಾ, ಕಾರ್ ಹೊಡಿಯೋದು ಕಲಿಸ್ತೀನಿ,” ಎನ್ನುತ್ತಿದ್ದ. ಅವಳು ಹೈಸ್ಕೂಲಿನ ಪೇಪರು ತಿದ್ದುತ್ತ, “ನಾಳಿ ನೋಡೋಣು,” ಎನ್ನುತ್ತಿದ್ದಳು. ಮೂರು ದಿನ ಹೋಗಿದ್ದಳು. ಉಳಿದವೆಲ್ಲ ನಾಳೆ. ಮೂರನೆಯ ಗೇರು ನಾಳೆಯಲ್ಲೇ ಉಳಿಯಿತು.

ಎರಡನೆಯ ಗೇರಿನಲ್ಲೇ ಕಾರು ಅರಚುತ್ತ ಹೋಗಿ, ಹನುಮಪ್ಪನ ಗುಡಿಯನ್ನು ಸುತ್ತಿ, ಒಂದು ಹುಲ್ಲಿನ ಬಣವೆಗೆ ಮೈ ಸವರಿ, ಟ್ರ್ಯಾಕ್ಟರಿನ ಮುಂದೆ ಬಂದು ನಿಂತಿತು. ಗಾದಿಲಿಂಗಪ್ಪ ಹಗ್ಗ ಹಿಡಿದು ಬಾಯಿ ತೆರೆದು ನಿಂತಿದ್ದ.

“ಭಲೇ!” ಎಂದ ಕೊನೆಗೆ. “ಆದ್ರ ಓಣ್ಯಾಗ ಓಡೋದು ಆಡೂ ಓಡ್ತೈತಿ. ನಾಳಿ ಹೊತ್ತು ಹುಟ್ಟೋದ್ರಾಗ ನನ್ನ ಕೊಟ್ಟೂರಿಗೆ ಕರ್ಕೊಂಡು ಹೋಗು, ಬಸವೇಶ್ವರಗ ಕಾಯಿ ಒಡಿಸೋಣು. ಹೋಗಿ ಬಂದ್ರ ಕಾರು ನಿಂದೇ, ಮತ್ತ ಮಾತಿಲ್ಲ.”

“ಆಗ್ಲಿ ಭಾವ,” ಎಂದಳು. ಹನ್ನೆರಡು ದಿನದಲ್ಲಿ ಅವಳ ಮುಖದಲ್ಲಿ ಮೊದಲ ಸಲ ನಗೆಯಂಥದ್ದೊಂದು ಬಂದು ಹೋಯಿತು.

ಭಾವ ಒಳಗೆ ಕೈಕಾಲು ತೊಳೆಯುತ್ತಿದ್ದಾಗ ಅವಳು ಬಾನೆಟ್ಟು ಎತ್ತಿದಳು. ಗಂಡ ಮಾಡುತ್ತಿದ್ದಂತೆ ತಾನೂ ರೋಟರ್ ತೆಗೆದು ಡಬ್ಬಿಯಲ್ಲಿಡಬೇಕು ಎನ್ನಿಸಿತ್ತು. ಎಂಜಿನ್ನಿನ ಬಿಸಿಗೆ ಅದರ ಕುಂಕುಮ ಕರಗಿ ಜಿಡ್ಡಾಗಿತ್ತು. ಸೆರಗಿನಿಂದ ಒರೆಸಿದಳು. ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು.

ಕರಿ ಮೈಯ ಮೇಲೆ, ಸಾಸಿವೆಯಷ್ಟು ಅಕ್ಷರದಲ್ಲಿ, ‘ಪಂ’ ಎಂದು ಬರೆದಿತ್ತು.

ಅವಳು ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಓಣಿ ದಾಟಿದಳು.

ಮೇಷ್ಟ್ರು ಜಗುಲಿಯ ಮೇಲೆ ಕೂತಿದ್ದರು. ಡಬ್ಬಿ ಕಂಡದ್ದೇ ಗಂಟಲಿಗೆ ಕೈ ಹೋಯಿತು.

“ಮುಂಜಾನಿಂದ ಯಾಕ ಹೇಳ್ಲಿಲ್ಲ ಮೇಷ್ಟ್ರೇ?”

“ಹೆಂಗ ಹೇಳ್ಲವ್ವ? ಸತ್ತವರ ಮನಿಗೆ ಬಂದು ನನ್ನ ಸಾಮಾನು ಕೊಡು ಅನ್ನಾಕ ಬಾಯಿ ಬರ್ಬೇಕಲ್ಲ. ಅವಂದು ಬಿರುಕು ಬಿಟ್ಟಿತ್ತು. ‘ನಾಲ್ಕು ದಿನ ಕೊಡ್ರಿ ಮೇಷ್ಟ್ರೇ, ನಮ್ಮ ನಾಗಿ ಭಾಳ ಚುರುಕು, ನಾಲ್ಕು ದಿನದಾಗ ಕಲೀತಾಳ, ಆಮ್ಯಾಲ ತಂದು ಕೊಡ್ತೀನಿ’ ಅಂದಿದ್ದ. ಇರ್ಲಿ ಬಿಡು, ನನಗೇನು ಅವಸರಿಲ್ಲ.”

ಒಳಗಿನಿಂದ ಗಾಳೆಮ್ಮನ ದನಿ ಬಂತು. “ಅವರಿಗೆ ಅವಸರಿಲ್ಲ! ಹರಪನಹಳ್ಳ್ಯಾಗ ಮಗಳು ಹಡದು ಹದಿನೈದು ದಿನ ಆತು. ಈ ಮೊಣಕಾಲಿಗೆ ಬಸ್ಸಿನ ಮೆಟ್ಲು ಹತ್ತಾಕ ಆಗವಲ್ದು. ಕೂಸಿನ ಕೌದಿ ಹೊಲದು ಮಡಚಿ ಇಟ್ಟೀನಿ, ಕೂಸಿನ ಮಾರಿ ನೋಡಿಲ್ಲ.”

“ನೀ ಸುಮ್ನಿರು,” ಎಂದರು ಮೇಷ್ಟ್ರು. “ನಾಳಿ ಕೊಟ್ಟೂರಿಗೆ ಹೋಗಿ ಬಾರವ್ವ ನಾಗಲಿಂಗಮ್ಮ. ಆಮ್ಯಾಲ ಕೊಟ್ಟಿಯಂತ.”

ನಾಳೆ. ಆ ಮಾತನ್ನು ಅವಳು ಎಷ್ಟು ಸಲ ಆಡಿದ್ದಳೋ! ಅವನು ಹೇಳಿದ್ದ ಆ ನಾಲ್ಕು ದಿನದಲ್ಲಿ ಕಲಿತುಬಿಟ್ಟಿದ್ದರೆ, ಅವನೇ ನಗುತ್ತ ಈ ಓಣಿ ದಾಟಿ ಇದನ್ನು ಕೊಟ್ಟು ಹೋಗಿರುತ್ತಿದ್ದ.

 ಅವಳು ಮೇಷ್ಟ್ರ ಕಾರಿನ ಗೋಣಿತಟ್ಟು ಸರಿಸಿದಳು, ಬಾನೆಟ್ಟು ಎತ್ತಿದಳು, ಮಧ್ಯಾಹ್ನ ಕಲಿತ ವಿದ್ಯೆಯಂತೆ ಮುಚ್ಚಳ ಬಿಚ್ಚಿದಳು. ಡಬ್ಬಿಯನ್ನು ತೆರೆದು, ರೋಟರನ್ನು ಮೇಷ್ಟ್ರ ಕೈಗೆ ಕೊಟ್ಟಳು. ಅದರ ಜೊತೆ ತಳದಲ್ಲಿ ಉಳಿದಿದ್ದ ನಶ್ಯವೂ ಎದ್ದಿತು. ಮೇಷ್ಟ್ರು ದೊಡ್ಡದಾಗಿ ಸೀನಿದರು.

“ಅಯ್ಯೋ, ಒಂಟಿ ಸೀನು!” ಗಾಳೆಮ್ಮ ಕುಂಟುತ್ತ ಬಾಗಿಲಿಗೆ ಬಂದಳು. “ಹೊರಡೋ ಹೊತ್ತಿನಾಗ ಅಪಶಕುನ ಮಾಡಿದ್ರಲ್ಲ. ಇನ್ನೊಂದು ಸೀನ್ರಿ!”

ಮೇಷ್ಟ್ರು ಮೂಗು ಎತ್ತಿ ಬಹಳ ಪ್ರಯತ್ನಪಟ್ಟರು. ಬರಲಿಲ್ಲ.

ಆಗ ನಾಗಲಿಂಗಮ್ಮ ಸೀನಿದಳು.

“ಆತು ಬಿಡವ್ವ, ಜೋಡಿ ಆತು,” ಎಂದು ಗಾಳೆಮ್ಮ ಕೌದಿ ತರಲು ಒಳಗೆ ಹೋದಳು. ಮೇಷ್ಟ್ರು ರೋಟರ್ ಹಿಡಿದುಕೊಂಡು ನಾಗಲಿಂಗಮ್ಮನ ಮುಖ ನೋಡಿದರು. ಅವಳ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿದಷ್ಟೂ ಇಳಿಯುತ್ತಿತ್ತು.

“ನಶ್ಯ ಮೇಷ್ಟ್ರೇ,” ಎಂದಳು.