ಮಾವ ಹಾಕಿದ ಬೀಗ

ನಮ್ಮ ಸೋದರಮಾವ ಜೀವಮಾನದಲ್ಲಿ ಒಬ್ಬರನ್ನೂ ಬಾಗಿಲಿನಿಂದ ವಾಪಸು ಕಳಿಸಿದವರಲ್ಲ. ಅಂಥವರನ್ನು ಹುಡುಕಿ ಹುಡುಕಿ ಬಾಗಿಲು ಕಾಯುವ ಕೆಲಸಕ್ಕೇ ಹಾಕಿದರು ಎಂದರೆ ಹೇಗಿರಬೇಡ! ಪಕ್ಕದ ಮನೆಗೆ ಹೆಣ್ಣು ನೋಡಲು ಬಂದವರನ್ನು ಒಮ್ಮೆ ಕೈಹಿಡಿದು ಒಳಗೆ ಕರೆದು ಎಲೆ ಹಾಕಿಸಿದರು. ಊಟ, ತಾಂಬೂಲ ಎಲ್ಲ ಮುಗಿಸಿ ಅವರು "ಹುಡುಗಿ ಎಲ್ಲಿ?" ಎಂದಾಗಲೇ ಮನೆ ತಪ್ಪಿದ್ದು ಗೊತ್ತಾದದ್ದು. ಆ ದಿನ ಅತ್ತೆ ಮಾತಾಡಲಿಲ್ಲ, ಪಾತ್ರೆಗಳು ಮಾತಾಡಿದವು.

ಶಿಡ್ಲಘಟ್ಟದ ರೇಷ್ಮೆನೂಲಿನ ಕಚೇರಿಯಲ್ಲಿ ಮಾವ ಹಿರಿಯ ಗುಮಾಸ್ತರು, ನಾನು ಟೈಪಿಸ್ಟು. ಇಂಟರ್‌ನೆಟ್ ಆಗಷ್ಟೇ ಊರಿಗೆ ಕಾಲಿಟ್ಟಿತ್ತು. ಮಾಲೀಕರಾದ ಸಾಹೇಬರು ಒಂದು ಸರ್ವರ್ ತಂದು ಕೂರಿಸಿದರು. ಚಿಂತಾಮಣಿ, ಗೌರಿಬಿದನೂರಿನ ನಮ್ಮ ಶಾಖೆಯವರು ಅಲ್ಲಿಂದಲೇ ದಿನದ ದರ, ದಾಸ್ತಾನು ನೋಡಬಹುದು. ಅದರ ಉಸ್ತುವಾರಿ ಮಾವನಿಗೆ ಬಂತು. ದಿನಾ ಊದುಬತ್ತಿ ಹಚ್ಚಿದರು, ಅತ್ತೆಯ ಹಳೇ ರೇಷ್ಮೆಸೀರೆಯಲ್ಲಿ ಹೊದಿಕೆ ಹೊಲಿಸಿದರು. ನಿವೃತ್ತಿಯ ಹತ್ತಿರ ಸಿಕ್ಕ ಆ ಕೆಲಸದಿಂದ ಅವರ ನಡಿಗೆಯೇ ಬದಲಾಗಿತ್ತು.

ತೊಂದರೆ ಎಂದರೆ, ಸೈಬರ್ ಕೆಫೆಯಲ್ಲಿ ಕಾಲ ಕಳೆಯುವವರು ಊರಿನ ಹೆಸರು ಹುಡುಕಿದರೂ ನಮ್ಮ ಸರ್ವರಿಗೇ ಬಂದುಬಿಡುತ್ತಿದ್ದರು. "ಬೀಗ ಹಾಕ್ರಿ ಸ್ವಾಮಿ" ಎಂದರು ಸಾಹೇಬರು. ಮಾವ ಪಾಸ್‌ವರ್ಡ್ ಹಾಕಿಸಿದರು. ಅದು ಗೊತ್ತಿಲ್ಲದವರಿಗೆ 'ಪ್ರವೇಶ ನಿಷಿದ್ಧ' ಎಂಬ ಪುಟ ಕಾಣುತ್ತಿತ್ತು. ಮಾವನಿಗೆ ಅದನ್ನು ನೋಡಿ ಸಂಕಟ.

"ಬಂದೋರ ಮುಖಕ್ಕೆ ಹಿಂಗೆ ಬರೆಯೋದೇನಮ್ಮಾ? ಅಳಿಸು, ನಾನು ಹೇಳ್ತೀನಿ, ಬರ್ಕೋ."

ನಾನು ಬರೆದುಕೊಂಡೆ: 'ನಮಸ್ಕಾರ. ಇದು ಕಚೇರಿಯ ಒಳಕೋಣೆ, ಬೇಸರ ಮಾಡಿಕೊಳ್ಳಬೇಡಿ. ಊಟ ಆಯಿತೇ?'

ಅಲ್ಲಿಗೆ ಮುಗಿಯಿತೇ? ದಾರಿ ತಪ್ಪಿ ಬಂದವರು ಮನೆ ಸೇರುವುದು ಬೇಡವೇ? ಶಿಡ್ಲಘಟ್ಟಕ್ಕೆ ಬಂದುಹೋಗುವ ಬಸ್ಸುಗಳ ವೇಳೆಯೂ ಸೇರಿತು. ಪುಟಗಳನ್ನು ಪಟ್ಟಿ ಮಾಡಿಕೊಳ್ಳಲು ಇಂಟರ್‌ನೆಟ್‌ನ ಹುಡುಕುಯಂತ್ರಗಳು ಕಳಿಸುವ ರೋಬಾಟು ಎಂಬ ಪ್ರೋಗ್ರಾಮುಗಳನ್ನು ಒಂದು ಫೈಲು ಬರೆದಿಟ್ಟು ತಡೆಯಬಹುದೆಂದು ಸರ್ವರ್ ಜೋಡಿಸಿಕೊಟ್ಟ ಇಂಜಿನಿಯರ್ ಹೇಳಿದರೆ, ಮಾವ ಅದಕ್ಕೂ ಒಪ್ಪಲಿಲ್ಲ. "ಯಂತ್ರ ಆದ್ರೇನಪ್ಪ, ಹೊಸ್ತಿಲವರ್ಗೂ ಬಂದಿರ್ತದೆ ಪಾಪ."

ಕೈವಾರಕ್ಕೆ ಹೋಗುವ ಭಕ್ತರೆಲ್ಲ ಬಸ್ಸಿನ ವೇಳೆ ನೋಡಲು ನಮ್ಮಲ್ಲಿಗೇ ಬರತೊಡಗಿದರು. ಆ ನೂಕುನುಗ್ಗಲಿನಲ್ಲಿ ಗೌರಿಬಿದನೂರಿನ ನಮ್ಮವರಿಗೇ ಪುಟ ತೆರೆಯಲಿಲ್ಲ. ಸಾಹೇಬರು ಕೆಂಡವಾದರು.

"ಬೀಗ ಹಾಕಿ ಅಂದ್ರೆ ಪೆಂಡಾಲ್ ಹಾಕಿದ್ದೀರಲ್ಲ ಸ್ವಾಮಿ. ಇವತ್ತೇ ತೆಗೀರಿ. ಇಲ್ಲಾಂದ್ರೆ ಸರ್ವರ್ ಕೆಲ್ಸ ಬೇರೆಯವ್ರಿಗೆ ಕೊಡ್ತೀನಿ."

ಮಾವ ಸೀರೆಯ ಹೊದಿಕೆಯನ್ನು ಸವರಿ ಸುಕ್ಕು ಸರಿಮಾಡಿದರು. ಆಮೇಲೆ "ತೆಗೆದ್ಬಿಡಮ್ಮಾ" ಎಂದರು. 'ಪ್ರವೇಶ ನಿಷಿದ್ಧ' ವಾಪಸು ಬಂತು. ಮಾವ ಮಧ್ಯಾಹ್ನ ಡಬ್ಬಿಯನ್ನೇ ಬಿಚ್ಚಲಿಲ್ಲ.

ಮಾರನೆಯ ಬೆಳಗ್ಗೆ ಸಾಹೇಬರು ನಮ್ಮ ಕೋಣೆಗೆ ಬಂದರು. ಕೆಲಸ ಹೋಯಿತೆಂದೇ ಮಾವ ಎದ್ದು ನಿಂತರು. ಸಾಹೇಬರು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು.

"ನಮ್ಮ ಮಗಳು ಮಸ್ಕತ್‌ನಿಂದ ಫೋನ್ ಮಾಡಿದ್ಳು ಸ್ವಾಮಿ. ಮದ್ವೆಯಾಗಿ ಹೋದಾಗಿಂದ ಒಬ್ಳೇ ಇರ್ತಾಳೆ. ಗಂಡ ಡ್ಯೂಟಿಗೆ ಹೋದ್ಮೇಲೆ ನಿಮ್ಮ ಆ ಪುಟ ತೆಗೆದು ನೋಡ್ತಿದ್ಳಂತೆ, ದಿನಾ. ಅಲ್ಲಿ ಊಟ ಆಯ್ತಾ ಅಂತ ಕೇಳೋರು ಯಾರೂ ಇಲ್ವಂತೆ. ನಿನ್ನೆ ಅದು ಕಾಣ್ಲಿಲ್ಲ ಅಂತ ಅತ್ತಳು."

ಮಾವ ನನ್ನ ಕಡೆ ನೋಡಿದರು. ನಾನು ಆಗಲೇ ಟೈಪ್ ಮಾಡತೊಡಗಿದ್ದೆ, ಅಕ್ಷರಗಳು ಕಣ್ಣಿಗೆ ಮಂಜಾಗಿ ಕಾಣುತ್ತಿದ್ದವು.

ಬಾಗಿಲವರೆಗೆ ಹೋದ ಸಾಹೇಬರು ತಿರುಗಿ ನಿಂತರು. "ಬಸ್ಸಿನ ಟೈಮೂ ಹಾಕ್ಬಿಡಮ್ಮಾ. ಅವಳೂ ಯಾವತ್ತಾದ್ರೂ ಊರಿಗೆ ಬರ್ಬೇಕಲ್ಲ."