ದೂರಿಗೆ ಹಚ್ಚಿದ ಅರಿಶಿನ

ಹೆಸರಿಲ್ಲದೆ ಬೈಯುವುದು ನನಗೆ ಎಂದೂ ಒಗ್ಗಿಲ್ಲ. ಬೈದರೆ ಎದುರಿಗೇ, ಹೆಸರು ಹಿಡಿದು, ಸಾಧ್ಯವಾದರೆ ಅವರ ಅಪ್ಪನನ್ನೂ ಸೇರಿಸಿ ಬೈಯುವವಳು ನಾನು. ಜನ್ಮದಲ್ಲಿ ಒಂದೇ ಒಂದು ಗುಪ್ತ ದೂರು ಕೊಟ್ಟೆ. ಅದೂ ಗುಪ್ತವಾಗಿ ಉಳಿಯಲಿಲ್ಲ.

ಆಗ ಪುಣೆಯ ಮಗರಪಟ್ಟಾದಲ್ಲಿ ಗಾಜಿನ ಕಟ್ಟಡಗಳು ಹೊಸದಾಗಿ ಎದ್ದಿದ್ದವು. ಅಂಥ ಒಂದು ಆಫೀಸಿನಲ್ಲಿ ನಾವು ಕೆಲವು ಹೆಂಗಸರು ಗುತ್ತಿಗೆಯ ಮೇಲೆ ಗುಡಿಸಿ ಒರೆಸುತ್ತಿದ್ದೆವು. ಹೆಂಗಸರ ಸಂಡಾಸವನ್ನು ಕನ್ನಡಿಯಂತೆ ತೊಳೆಯುವವರು ನಾವು, ಅದನ್ನು ಬಳಸಬಾರದವರೂ ನಾವೇ. ನಮಗೆ ರಸ್ತೆಯಾಚೆ ಕಟ್ಟಡ ಕೆಲಸದವರ ತಗಡಿನ ಮರೆ. ಈ ಕಾನೂನು ನಮ್ಮ ಸೂಪರ್‌ವೈಸರ್ ಶಂಕ್ರಪ್ಪನದು. ಅಕ್ಕಲಕೋಟೆ ಕಡೆಯವ, ನಮ್ಮ ಮಾತೇ ಆಡುವವ. ಎದುರಿಗೇ ಕೇಳಿದೆ. "ನೀರು ಕಡಿಮಿ ಕುಡಿ, ಮುದುಕಿ" ಎಂದ.

ಆಫೀಸಿನಲ್ಲಿ ದೂರಿನ ಪೆಟ್ಟಿಗೆಯೊಂದಿತ್ತು. ನನ್ನ ಅಕ್ಷರ ನಂಬಿದರೆ ದೂರು ಮುಗಿಯುವ ಮೊದಲು ನಾನೇ ಮುಗಿಯುತ್ತಿದ್ದೆ. ಜೊತೆಯ ಮಲ್ಲಮ್ಮ ಪುಣೆಯಲ್ಲೇ ಶಾಲೆ ಕಲಿತವಳು. ನೆಲ ಒರೆಸುವ ಒಳ್ಳೆಯ ಮಾಪ್ ಯಾರಿಗೆ ಎಂದು ಅವಳಿಗೂ ನನಗೂ ದಿನಾ ಜಗಳ. ಆದರೂ ಮರಾಠಿಯಲ್ಲಿ ಬರೆದುಕೊಟ್ಟಳು, ಹೆಸರು ಹಾಕಲಿಲ್ಲ. ಪೆಟ್ಟಿಗೆಗೆ ಹಾಕುವ ಮುನ್ನ ನನ್ನ ಕೈ ಸುಮ್ಮನಿರಬೇಕಲ್ಲ! ಒಳ್ಳೆಯ ಕೆಲಸದ ಕಾಗದ ಎಂದಮೇಲೆ ನಾಲ್ಕು ಮೂಲೆಗೆ ಅರಿಶಿನ ಬೇಡವೇ? ಹಚ್ಚಿದೆ.

ಪೆಟ್ಟಿಗೆ ತೆರೆದವರು, ದೂರು ಯಾರ ಮೇಲಿತ್ತೋ ಅವನ ಕೈಗೇ ಅದನ್ನು ಕೊಟ್ಟರು. ಊಟದ ಚೀಲದಲ್ಲಿ ಅರಿಶಿನ ಕುಂಕುಮದ ಡಬ್ಬಿ ಇಟ್ಟುಕೊಂಡು, ಬರಿಹಣೆಯ ಹುಡುಗಿಯರನ್ನು ಹಿಡಿದು ಹಿಡಿದು ಕುಂಕುಮ ಇಡುತ್ತಿದ್ದವಳು ಆ ಕಟ್ಟಡದಲ್ಲಿ ನಾನೊಬ್ಬಳೇ.

"ಕಾಶವ್ವಾ, ಇದೇನು ದೂರೋ, ಲಗ್ನಪತ್ರಿಕೆಯೋ?" ಎಂದ ಶಂಕ್ರಪ್ಪ. "ನಾಳಿಂದ ಬರಬ್ಯಾಡ."

ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ. ನನ್ನ ಪಗಾರವೇ ನಮ್ಮ ಒಲೆ. ಬರಬೇಡ ಅಂದರೂ ಮರುದಿನ ಹೋದೆ. ಬೇರೆ ಎಲ್ಲಿಗೆ ಹೋಗಲಿ?

ಹೋಗಿ ನೋಡಿದರೆ ಆ ಸಂಡಾಸದ ಬಿಳಿ ಬಾಗಿಲ ತುಂಬ ಅರಿಶಿನದ ಹಸ್ತಗಳು! ಮುಂದೆ ಹಳದಿ ಅಂಗೈ ಹಿಡಿದು ನಿಂತ ನಮ್ಮ ಹೆಂಗಸರು. ಎಲ್ಲರಿಗಿಂತ ಮುಂದೆ, ಶಂಕ್ರಪ್ಪನಿಗೆ ಎದುರಾಗಿ, ಮಲ್ಲಮ್ಮ.

"ಹೆಸರು ಬೇಕಿತ್ತಲ್ರಿ, ತಗೋರಿ ನಮ್ಮ ಸಹಿ. ದೂರು ನಮ್ಮೆಲ್ಲಾರ್ದೂ ಅದ. ಕಾಶವ್ವನ್ನ ತಗದ್ರ ನಮ್ಮನ್ನೂ ತಗೀರಿ. ಬಕೇಟು ಅಲ್ಲೇ ಅದ, ನೀವೇ ಒರಸ್ಕೋರಿ."

ಗದ್ದಲಕ್ಕೆ ಆಫೀಸಿನ ದೊಡ್ಡ ಮೇಡಂ ಬಂದರು. ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯಲು ನಿನಗೆ ಯಾರು ಹಕ್ಕು ಕೊಟ್ಟರು ಎಂದು ಶಂಕ್ರಪ್ಪನನ್ನೇ ತರಾಟೆಗೆ ತೆಗೆದುಕೊಂಡರು. ನನ್ನ ಕೆಲಸ ಉಳಿಯಿತು. ಆ ಬಾಗಿಲೂ ನಮಗೆ ತೆರೆಯಿತು.

ಶಂಕ್ರಪ್ಪ ಬಕೇಟು ತಂದು ನನ್ನ ಮುಂದೆ ಕುಕ್ಕಿದ. "ಅರಿಶಿಣದ ಚಟ ನಿಂದು, ತಿಕ್ಕೂದೂ ನಿಂದೇ."

ರಟ್ಟೆ ಬೀಳುವಂತೆ ತಿಕ್ಕಿದೆ. ಕೆಳಗಿನ ಮೂಲೆಯ ಒಂದು ಹಸ್ತ ಮಾತ್ರ ಬಿಟ್ಟೆ; ಕಿರುಬೆರಳು ಸೊಟ್ಟಗಿದ್ದದ್ದು, ಮಲ್ಲಮ್ಮನದು. ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಏ ಮುದುಕಿ, ಒಂದು ಬಿಟ್ಟೀಯಲ್ಲ! ಕಣ್ಣು ಹೋದ್ವೇನು?"

ಬೈಗುಳಕ್ಕೆ ತಡವರಿಸದ ನನ್ನ ಬಾಯಿ, ಉಪಕಾರ ಆಯಿತು ಎನ್ನುವಲ್ಲಿ ಕೀಲಿ ಹಾಕಿಕೊಳ್ಳುತ್ತದೆ. "ಚಲೋ ಮಾಪು ನಿನ್ನ ಕಡೇನ ಅದಲ್ಲ, ಹೆಂಗ ಒರಸ್ಲಿ?" ಎಂದೆ.

ಬಾಗಿಲಿಗೆ ಯಾರೂ ಮಾಪ್ ಹಾಕುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಕೆಲಸ ಬಿಡುವವರೆಗೆ ಒಳ್ಳೆಯ ಮಾಪನ್ನು ಅವಳಿಗೇ ಬಿಟ್ಟುಕೊಟ್ಟೆ. ದಿನಾ ಬೈಯುತ್ತಲೇ ಬಿಟ್ಟುಕೊಟ್ಟೆ.